ಮುಚ್ಚಳದ ಕೆಳಗೆ ಬೆಳೆಯುವ ನುಸಿ

ಬೆಂಗಳೂರಿನ ತಾರಸಿಯೊಂದರಲ್ಲಿ ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನಿನ ಪೆಟ್ಟಿಗೆ ಇಟ್ಟವರಿಗೆ ಒಂದು ಬೆಳಿಗ್ಗೆ ಬಾಗಿಲ ಹಲಗೆಯ ಮೇಲೆ ರೆಕ್ಕೆ ಸುಕ್ಕುಗಟ್ಟಿ, ಹಾರಲಾರದೆ ತೆವಳುವ ಎಳೆಯ ಜೇನುಗಳು ಕಾಣಿಸಿದರೆ, ಒಳಗಿನ ಕುಟುಂಬ ಆಗಲೇ ವಾರಗಳಿಂದ ನರಳುತ್ತಿದೆ ಎಂದು ತಿಳಿಯಬೇಕು. ರೆಕ್ಕೆಯನ್ನು ವಿಕಾರಗೊಳಿಸುವುದು ಒಂದು ವೈರಸ್. ಅದನ್ನು ಮರಿಯಿಂದ ಮರಿಗೆ ದಾಟಿಸುವುದು ವರೋವಾ ನುಸಿ.

ಸುಮಾರು 1.6 ಮಿಲಿಮೀಟರ್ ಅಗಲದ, ಕೆಂಗಂದು ಬಣ್ಣದ ಈ ಹೆಣ್ಣು ನುಸಿ, ಕೆಲಸಗಾರ ಜೇನುಗಳು ಮರಿಯ ಕೋಶಕ್ಕೆ ಮೇಣದ ಮುಚ್ಚಳ ಹಾಕುವ ಸ್ವಲ್ಪ ಮೊದಲು ಒಳನುಸುಳಿ, ಅಲ್ಲಿಯೇ ಮೊಟ್ಟೆಯಿಡುತ್ತದೆ. ಮೊದಲ ಮೊಟ್ಟೆಯಿಂದ ಗಂಡು, ನಂತರದವುಗಳಿಂದ ಹೆಣ್ಣುಗಳು ಹುಟ್ಟಿ, ಅವುಗಳ ಕೂಡಾಟವೂ ಆ ಕತ್ತಲಲ್ಲೇ ಮುಗಿಯುತ್ತದೆ. ಕೆಲಸಗಾರ ಜೇನಿನ ಕೋಶ ಸುಮಾರು 12 ದಿನ ಮುಚ್ಚಿದ್ದರೆ, ಗಂಡುಜೇನಿನದು ಇನ್ನೆರಡು ಮೂರು ದಿನ ಹೆಚ್ಚು. ಆದ್ದರಿಂದಲೇ ಗಂಡುಮರಿಯ ಕೋಶದಲ್ಲಿ ನುಸಿಯ ಸಂತಾನ ಹೆಚ್ಚು ಬಲಿಯುತ್ತದೆ. ಇದು ಜೇನಿನ ರಕ್ತ ಕುಡಿಯುತ್ತದೆ ಎಂದೇ ಬಹುಕಾಲ ನಂಬಲಾಗಿತ್ತು. ಪೂರ್ತಿ ಬೆಳೆದ ಜೇನುಗಳಲ್ಲಿ ಅದರ ಮುಖ್ಯ ಆಹಾರ ಕೊಬ್ಬಿನ ಅಂಗಾಂಶ ಎಂದು 2019ರ ಸಂಶೋಧನೆ ತೋರಿಸಿತು.

ಈ ನುಸಿಯ ಮೂಲ ಮನೆ ನಮ್ಮ ತುಡುವೆ ಜೇನಿನ ಬಳಗ. ಅಲ್ಲಿ ಅದು ಬಹುಮಟ್ಟಿಗೆ ಗಂಡುಮರಿಗಳಲ್ಲಷ್ಟೇ ವೃದ್ಧಿಯಾಗುತ್ತದೆ; ತುಡುವೆಗಳು ಪರಸ್ಪರ ಮೈ ನೇವರಿಸಿ ನುಸಿಯನ್ನು ಕಿತ್ತೆಸೆಯುತ್ತವೆ. 1960ರ ದಶಕದಲ್ಲಿ ಭಾರತದಲ್ಲಿ ನೆಲೆಯೂರಿದ ಮೆಲ್ಲಿಫೆರಾಗೆ ಆ ಪಳಗಿಕೆ ಅಷ್ಟಾಗಿ ಇಲ್ಲ. 1990ರ ದಶಕದಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಅಳಿಸಿಹಾಕಿದ್ದು ನಿಜವಾದರೂ, ಒಂದೆರಡು ಪೆಟ್ಟಿಗೆಯ ತಾರಸಿಗೆ ತುಡುವೆಯೇ ಸರಿಯಾದ ಆಯ್ಕೆ ಎಂಬುದು ನನ್ನ ಅಭಿಪ್ರಾಯ.

ಮದ್ದಿಗೆ ಮೊದಲು ಎಣಿಕೆ ಆಗಬೇಕು. ಮರಿಗಳಿರುವ ಒಂದು ಎರಿಯ ಮೇಲೆ ರಾಣಿ ಇಲ್ಲದ್ದನ್ನು ಖಚಿತಪಡಿಸಿಕೊಂಡು, ಅದರಿಂದ ಅರ್ಧ ಕಪ್, ಅಂದರೆ ಸುಮಾರು 300 ಜೇನುಗಳನ್ನು ಜಾಲರಿ ಮುಚ್ಚಳದ ಸೀಸೆಗೆ ತುಂಬಿ, ಸಕ್ಕರೆ ಪುಡಿಯಲ್ಲಿ ಹೊರಳಿಸಿ ಕೊಡವಿದರೆ ನುಸಿಗಳು ಉದುರುತ್ತವೆ. ಒಂಬತ್ತು ಸಿಕ್ಕರೆ ಶೇಕಡಾ 3. ಕಾಯುತ್ತ ಕೂರುವ ಹೊತ್ತು ಅದಲ್ಲ. ಫಾರ್ಮಿಕ್ ಆಮ್ಲದ ಆವಿ ಮುಚ್ಚಳದೊಳಗೂ ಇಳಿಯುತ್ತದೆ, ಆದರೆ ಉಷ್ಣಾಂಶ 30 ಡಿಗ್ರಿ ದಾಟುವ ಬೆಂಗಳೂರಿನ ಮಾರ್ಚ್-ಏಪ್ರಿಲ್‌ನಲ್ಲಿ ಅದು ರಾಣಿಯನ್ನೇ ಬಲಿ ತೆಗೆದುಕೊಳ್ಳಬಹುದು. ಆಕ್ಸಾಲಿಕ್ ಆಮ್ಲ ಜೇನಿನ ಮೈಮೇಲಿನ ನುಸಿಯನ್ನು ಕೊಲ್ಲುತ್ತದೆ, ಮುಚ್ಚಳ ದಾಟುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲವೇ ಮರಿಗಳಿಲ್ಲದ ಕಾಲವನ್ನು ಒದಗಿಸುತ್ತದೆ. ನಮ್ಮ ಹದವಾದ ಹವೆಯಲ್ಲಿ ರಾಣಿ ಮೊಟ್ಟೆಯಿಡುವುದನ್ನು ಪೂರ್ತಿ ನಿಲ್ಲಿಸುವುದು ಅಪರೂಪವಾದ್ದರಿಂದ, ಆ ಬಿಡುವನ್ನು ನಾವೇ ಸೃಷ್ಟಿಸಬೇಕು. ರಾಣಿಯನ್ನು ಸಣ್ಣ ಪಂಜರದಲ್ಲಿ ಸುಮಾರು 24 ದಿನ ಇರಿಸಿದರೆ ಇದ್ದ ಮರಿಗಳೆಲ್ಲ ಹೊರಬಂದು ನುಸಿಗೆ ಅಡಗುತಾಣ ಉಳಿಯುವುದಿಲ್ಲ. ಆಮ್ಲ ಹಾಕಲು ಅದೇ ತಕ್ಕ ಸಮಯ. ಕೈಗವಸು, ಕನ್ನಡಕ ಇಲ್ಲದೆ ಆಮ್ಲ ಮುಟ್ಟಲೇಬಾರದು.

ನಗರದ ಬಹುಮಹಡಿ ಕಟ್ಟಡಗಳ ಸಜ್ಜಾದಡಿ ತೂಗುವ ಹೆಜ್ಜೇನಿಗೂ ತನ್ನದೇ ನುಸಿಯಿದೆ: ಟ್ರೋಪಿಲೇಲಾಪ್ಸ್. ಮರಿಗಳಿಲ್ಲದೆ ಅದು ಕೆಲವೇ ದಿನ ಬದುಕಬಲ್ಲದು. ಹೆಜ್ಜೇನು ಎರಿ ತೊರೆದು ವಲಸೆ ಹೊರಟಾಗ ಅದರ ಸಂಖ್ಯೆ ಕುಸಿಯುತ್ತದೆ. ಮೆಲ್ಲಿಫೆರಾ ಪೆಟ್ಟಿಗೆಗೆ ಹೊಕ್ಕರೆ ಅದೂ ಕುಟುಂಬವನ್ನು ಮುಗಿಸಬಲ್ಲದು. ಬಹುಪಾಲು ಮುಚ್ಚಿದ ಕೋಶಗಳಲ್ಲೇ ಇರುವುದರಿಂದ ಸಕ್ಕರೆ ಪರೀಕ್ಷೆಗೆ ಅದು ಸರಿಯಾಗಿ ಸಿಗದು. ಮುಚ್ಚಳಗಳನ್ನು ಬಿಡಿಸಿ, ಎರಿಯ ಮೇಲೆ ಸರಸರನೆ ಓಡುವ ಕಿರಿದಾದ ನುಸಿಗಳಿವೆಯೇ ಎಂದು ಬಿಸಿಲಿಗೆ ಹಿಡಿದು ನೋಡಬೇಕು.