ಹ್ಯಾನಿಬಲ್ ಅಂದರೆ ಮಾರ್ಕ್ ಟ್ವೇನ್ ಒಬ್ಬರೇನಾ?

ಪ್ರಶ್ನೆ: ಅಮೆರಿಕದ ಹ್ಯಾನಿಬಲ್, ಕಥೆಗಾರ ಮಾರ್ಕ್ ಟ್ವೇನ್ ಅವರ ಹುಟ್ಟೂರು ಅಂತ ಓದಿದ್ದೇನೆ. ಆ ಊರಿನಿಂದ ಬೇರೆ ಯಾರೂ ಹೆಸರು ಮಾಡಿಲ್ವಾ?

ಉತ್ತರ: ಮಾಡಿದ್ದಾರೆ. ಆದರೆ ಮೊದಲು ಒಂದು ತಿದ್ದುಪಡಿ. ಟ್ವೇನ್ ಹುಟ್ಟಿದ್ದು ಹ್ಯಾನಿಬಲ್‌ನಲ್ಲಿ ಅಲ್ಲ. 1835ರಲ್ಲಿ, ಹ್ಯಾನಿಬಲ್ ಇರುವ ಮಿಸ್ಸೌರಿ ರಾಜ್ಯದಲ್ಲೇ, ಫ್ಲಾರಿಡಾ ಅನ್ನೋ ಪುಟ್ಟ ಹಳ್ಳಿಯಲ್ಲಿ. (ಸಮುದ್ರ ತೀರದ ಫ್ಲಾರಿಡಾ ರಾಜ್ಯಕ್ಕೂ ಇದಕ್ಕೂ ಸಂಬಂಧವಿಲ್ಲ, ಹೆಸರಷ್ಟೇ ಒಂದು.) ಮನೆಯವರು ಹ್ಯಾನಿಬಲ್‌ಗೆ ಬಂದಾಗ ಹುಡುಗನಿಗೆ ನಾಲ್ಕು ವರ್ಷ. 1853ರಲ್ಲಿ, ಹದಿನೇಳು ತುಂಬಿದ್ದಾಗ ಊರು ಬಿಟ್ಟರು.

ಅಷ್ಟು ವರ್ಷವೇ ಸಾಕಾಯಿತು. ಮುಂದೆ ಟಾಮ್ ಸಾಯರ್ ಕಥೆ ಬರೆದಾಗ, ಊರಿನ ಹೆಸರು ಬದಲಿಸಿದರೂ ಮಿಸ್ಸಿಸಿಪ್ಪಿ ನದಿ, ಗುಹೆ, ಬೀದಿ ಎಲ್ಲ ಹ್ಯಾನಿಬಲ್‌ನವೇ. ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಅನ್ನುವ ಅವರ ನಿಜ ಹೆಸರನ್ನು ಮರೆಸಿದ ‘ಮಾರ್ಕ್ ಟ್ವೇನ್’ ಕೂಡ ನದಿಯ ಮಾತೇ. ನೀರಿನ ಆಳ ಹನ್ನೆರಡು ಅಡಿ ಇದೆ, ಹಡಗು ಹೋಗಬಹುದು ಅಂತ ಕೂಗಿ ಹೇಳುವ ಪದ ಅದು. ಸುಮಾರು 17 ಸಾವಿರ ಜನರ ಈ ಊರಲ್ಲಿ ಇವತ್ತಿಗೂ ಜುಲೈ ತಿಂಗಳಲ್ಲಿ ಮಕ್ಕಳಿಗೆ ಬೇಲಿಗೆ ಸುಣ್ಣ ಬಳಿಯುವ ಸ್ಪರ್ಧೆ ನಡೆಯುತ್ತೆ. ಕಥೆಯಲ್ಲಿ ಟಾಮ್ ತನಗೆ ಹೇಳಿದ ಆ ಕೆಲಸವನ್ನು ಉಪಾಯವಾಗಿ ಬೇರೆ ಹುಡುಗರಿಂದ ಮಾಡಿಸುತ್ತಾನಲ್ಲ, ಅದರ ನೆನಪಿಗೆ.

ಇನ್ನು ಅಲ್ಲೇ ಹುಟ್ಟಿದವರು. ‘ಟೈಟಾನಿಕ್’ ಸಿನಿಮಾದಲ್ಲಿ ಜ್ಯಾಕ್‌ಗೆ ಊಟಕ್ಕೆ ಹೋಗಲು ಮಗನ ಸೂಟು ಕೊಡುವ ಬಾಯಿಜೋರಿನ ಹೆಂಗಸು ನೆನಪಿದ್ದಾರಾ? ಅವರು ಮಾರ್ಗರೆಟ್ ಬ್ರೌನ್. 1867ರಲ್ಲಿ ಹ್ಯಾನಿಬಲ್‌ನ ಬಡ ಐರಿಷ್ ಮನೆಯಲ್ಲಿ ಹುಟ್ಟಿದರು. ಹುಡುಗಿಯಾಗಿದ್ದಾಗಲೇ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ದುಡಿದರು. ಆಮೇಲೆ ಕೊಲೊರಾಡೊದ ಗಣಿ ಊರಿಗೆ ಹೋಗಿ ಅಲ್ಲೇ ಮದುವೆಯಾದರು. ಗಂಡ ಕೆಲಸ ಮಾಡುತ್ತಿದ್ದ ಗಣಿಯಲ್ಲಿ ಚಿನ್ನ ಸಿಕ್ಕಿತು, ಮನೆಯ ದೆಸೆ ತಿರುಗಿತು. 1912ರಲ್ಲಿ ಅವರಿದ್ದ ಟೈಟಾನಿಕ್ ಹಡಗು ಮುಳುಗಿದ ರಾತ್ರಿ ಆರನೇ ನಂಬರಿನ ದೋಣಿಯಲ್ಲಿ ತಾವೇ ಹುಟ್ಟು ಹಾಕಿದರು. ಅದಕ್ಕಿಂತ ನನಗೆ ಹಿಡಿಸಿದ್ದು ಆಮೇಲಿನ ಕೆಲಸ. ಕಾಪಾಡಲು ಬಂದ ಹಡಗಿನಲ್ಲೇ, ದಡ ಸೇರುವ ಮೊದಲೇ, ಬದುಕುಳಿದ ಶ್ರೀಮಂತರಿಂದ ದುಡ್ಡು ಎತ್ತಿದರು, ಎಲ್ಲ ಕಳೆದುಕೊಂಡ ಬಡ ಪ್ರಯಾಣಿಕರಿಗಾಗಿ. ಅಂದಹಾಗೆ ‘ಮಾಲಿ’ ಬ್ರೌನ್ ಅಂತ ಅವರನ್ನು ಯಾರೂ ಕರೆಯುತ್ತಿರಲಿಲ್ಲವಂತೆ. ಆ ಹೆಸರು ಅಂಟಿದ್ದು ತೀರಿಕೊಂಡ ಮೇಲೆ. ಅವರು ಹುಟ್ಟಿದ ಪುಟ್ಟ ಮನೆ ಈಗ ಮ್ಯೂಸಿಯಂ.

1902ರಲ್ಲಿ ಹುಟ್ಟಿದ ಬಿಲ್ ಲಿಯರ್ ಹೈಸ್ಕೂಲು ಕೂಡ ಮುಗಿಸಲಿಲ್ಲ. ದೊಡ್ಡ ಕುಳಗಳು ಓಡಾಡುವ ಲಿಯರ್‌ಜೆಟ್ ವಿಮಾನ ಅವರದೇ, ಮೊದಲ ಸಲ ಹಾರಿದ್ದು 1963ರಲ್ಲಿ. ಕಾರಿನಲ್ಲಿ ಹಾಡು ಕೇಳಲು ಅಮೆರಿಕನ್ನರು ಒಂದು ಕಾಲಕ್ಕೆ ಬಳಸುತ್ತಿದ್ದ ಎಯ್ಟ್-ಟ್ರ್ಯಾಕ್ ಟೇಪಿನ ಹಿಂದೆಯೂ ಅವರೇ ಇದ್ದರು. ಆದರೆ ಹ್ಯಾನಿಬಲ್‌ನಲ್ಲಿ ಅವರು ಬೆಳೆದದ್ದು ಕಡಿಮೆ. ಚಿಕ್ಕವರಿದ್ದಾಗಲೇ ಶಿಕಾಗೊ ಸೇರಿದ್ದರು.

ಕೊನೆಯವರ ಹೆಸರು ನೀವು ಕೇಳಿರಲಿಕ್ಕಿಲ್ಲ, ದನಿ ಕೇಳಿರಬಹುದು. ಕ್ಲಿಫ್ ಎಡ್ವರ್ಡ್ಸ್, 1895ರಲ್ಲಿ ಹುಟ್ಟಿದವರು. 1940ರ ಡಿಸ್ನಿ ಕಾರ್ಟೂನ್ ‘ಪಿನೋಕಿಯೊ’ದಲ್ಲಿ ಕೊಡೆ ಹಿಡಿದ ಮಿಡತೆಯೊಂದು ಹಾಡುತ್ತದಲ್ವಾ, ಆ ಕಂಠ ಇವರದು. ಡಿಸ್ನಿ ಸಿನಿಮಾ ಶುರುವಾಗುವಾಗ ಕೋಟೆಯ ಹಿಂದೆ ಕೇಳುವ ರಾಗ ಆ ಹಾಡಿನದೇ.