ಏಳು ಎಸಳಿನ ಪಾರಿಜಾತ

ಮುಂಬೈಯಲ್ಲಿ ಕನ್ನಡ ಮಾಧ್ಯಮದ ಪುಟ್ಟ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಒಂದೇ ಒಂದು ವಿಷಯಕ್ಕೆ ಪ್ರತಿ ವರ್ಷ ಪಾಲಕರ ಹತ್ತಿರ, ಕೆಲವು ಸಲ ಟೀಚರುಗಳ ಹತ್ತಿರವೂ ವಾದ ಮಾಡಿ ಸಾಕಾಗಿದೆ. ಮಗು ನೋಡಿ ಬರೆದದ್ದನ್ನು ದಯವಿಟ್ಟು ರಬ್ಬರಿನಲ್ಲಿ ಅಳಿಸಬೇಡಿ.

ಈರುಳ್ಳಿಯ ತೆಳು ಪೊರೆ ಬಿಡಿಸಿ, ಅಯೋಡಿನ್ ಹಾಕಿ, ಮೈಕ್ರೋಸ್ಕೋಪಿನಲ್ಲಿ ಅದರ ಜೀವಕೋಶ ನೋಡುವ ಪ್ರಯೋಗ ನಿಮಗೂ ಗೊತ್ತು. ಬ್ಲೇಡು, ಅಯೋಡಿನ್ ಮಾತ್ರ ದೊಡ್ಡವರ ಕೈಯಲ್ಲೇ ಇರಲಿ. ಹೋದ ವರ್ಷ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಒಂದು ಕಣ್ಣು ಮುಚ್ಚಿಕೊಂಡು ಮೈಕ್ರೋಸ್ಕೋಪಿನಲ್ಲಿ ತುಂಬಾ ಹೊತ್ತು ನೋಡಿ, ಪುಸ್ತಕದಲ್ಲಿ ಇಟ್ಟಿಗೆಗಳಂಥವನ್ನು ಬರೆದಳು. ಒಂದು ಉದ್ದ, ಒಂದು ಮೋಟು, ಇನ್ನೊಂದರ ತುದಿ ಚೂಪು. ಒಳಗೆ ಕಂದು ಚುಕ್ಕಿ, ಅದೂ ಒಂದರಲ್ಲಿ ನಡುವೆ, ಇನ್ನೊಂದರಲ್ಲಿ ಗೋಡೆಗೆ ಅಂಟಿಕೊಂಡು. ಎಷ್ಟು ಚೆನ್ನಾಗಿ ನೋಡಿದ್ದಳು! ಮಾರನೇ ದಿನ ಆ ಚಿತ್ರವೇ ಇರಲಿಲ್ಲ. ಮನೆಯಲ್ಲಿ ಅಳಿಸಿ, ಸ್ಕೇಲು ಇಟ್ಟು ಒಂದೇ ಅಳತೆಯ ಚೌಕ ಎಳೆದು, ಒಳಗೆಲ್ಲ ಹಸಿರು ಚುಕ್ಕಿ ತುಂಬಿದ್ದರು. 'ಗಿಡದ ಜೀವಕೋಶ ಹಸಿರಲ್ವಾ ಮೇಡಂ?' ಅಂದರು ಅವಳ ಅಮ್ಮ.

ಎಲೆಯಲ್ಲಾದರೆ ಹೌದು. ಈರುಳ್ಳಿ ಗಡ್ಡೆಯ ಒಳಪದರಕ್ಕೆ ಬಿಸಿಲೇ ತಾಗುವುದಿಲ್ಲ, ಅಲ್ಲಿ ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಎಲ್ಲಿಂದ ಬರಬೇಕು? ಪಠ್ಯದ ಚಿತ್ರ ಯಾವ ಒಂದು ಗಿಡದ್ದೂ ಅಲ್ಲ, ಬೇರೆ ಬೇರೆ ಕಡೆ ಕಂಡದ್ದನ್ನು ಒಂದೇ ಚೌಕದಲ್ಲಿ ಸೇರಿಸಿದ್ದು. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಬೆಂಡಿನ (ಕಾರ್ಕ್) ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದ ಜೀವಕೋಶದ ಚಿತ್ರದಲ್ಲೂ ಕೋಣೆಗಳು ಒಂದೇ ಅಳತೆಯವಲ್ಲ. ಕಂಡ ಹಾಗೆ ಬರೆದರು, ಅಷ್ಟೇ.

ಪಾರಿಜಾತದ್ದೂ ಇದೇ ಕಥೆ. ಶಾಲೆ ಹತ್ತಿರದ ಸೊಸೈಟಿಯಲ್ಲಿ ಒಂದು ಮರ ಇದೆ, ಗಣಪತಿ ಹಬ್ಬದ ಹೊತ್ತಿಗೆ ಬೆಳಗ್ಗೆ ಅದರ ಬುಡ ಬೆಳ್ಳಗಾಗಿರುತ್ತದೆ. ಆಳಿಗೊಂದು ಹೂ ಹೆಕ್ಕಿ ಎಸಳು ಎಣಿಸಿ ಅಂದೆ. ಆರು, ಆರು, ಐದು, ಆರು... ಒಬ್ಬ ಹುಡುಗ ಮಾತ್ರ ಸುಮ್ನೆ ಮುಷ್ಟಿ ಬಿಗಿಹಿಡಿದು ನಿಂತಿದ್ದ. ಬಿಡಿಸಿ ನೋಡಿದರೆ ಏಳು. ಪಕ್ಕದವಳದ್ದು ಆರು, ಹಾಗಾಗಿ ತನ್ನದು ತಪ್ಪು ಅಂದುಕೊಂಡಿದ್ದಾನೆ! ಎಂಟು ವರ್ಷದ ಮಗುವಿಗೆ ಇದನ್ನು ಕಲಿಸಿದವರು ನಾವೇ.

ಮತ್ತೆ ಹೇಳುತ್ತೇನೆ. ಮರ ಒಂದೇ, ಬೇರು ಒಂದೇ, ಕುಡಿದ ನೀರೂ ಒಂದೇ. ಆದರೂ ಪಾರಿಜಾತಕ್ಕೆ ಐದರಿಂದ ಎಂಟರವರೆಗೆ ಎಸಳು ಬರುತ್ತದೆ. ಒಂಟಿ ಸುತ್ತಿನ ದಾಸವಾಳದಲ್ಲಿ ಸಾಮಾನ್ಯವಾಗಿ ಐದೇ. ಎಂದರೆ ಕೆಲವು ಗುಣ ಜಾಸ್ತಿ ಬದಲಾಗುತ್ತವೆ, ಕೆಲವು ಬದಲಾಗುವುದು ಕಡಿಮೆ. ಹಾಗಾಗಿ 'ಪಾರಿಜಾತಕ್ಕೆ ಎಷ್ಟು ಎಸಳು' ಎಂಬ ಪ್ರಶ್ನೆಗೆ ಒಂದೇ ಅಂಕೆ ಉತ್ತರವಲ್ಲ. 'ಐದರಿಂದ ಎಂಟು, ನಮ್ಮ ಮರದಲ್ಲಿ ಆರರದ್ದು ಜಾಸ್ತಿ' ಎಂಬುದು ಉತ್ತರ. ಕಾಗದದ ಮೇಲೆ 5, 6, 7, 8 ಎಂದು ಬರೆದು ಆಯಾ ಅಂಕೆಯ ಮೇಲೆ ಹೂಗಳನ್ನೇ ಸಾಲಾಗಿ ಜೋಡಿಸಿ. ಯಾವ ಸಾಲು ಉದ್ದ ಎಂದು ಮಕ್ಕಳೇ ಹೇಳುತ್ತಾರೆ.

ಹಾಗಂತ ಮಗು ಹೇಳಿದ್ದೆಲ್ಲ ಸರಿ ಅಂತಲ್ಲ. ಎಸಳು ಹರಿದಿರಬಹುದು, ಎಣಿಕೆ ತಪ್ಪಿರಬಹುದು. ಅದಕ್ಕೇ ಒಂದೊಂದು ಹೂವನ್ನು ಇಬ್ಬರು ಎಣಿಸಲಿ, ತಾಳೆಯಾಗದಿದ್ದರೆ ಮೂರನೆಯವರು. ತಿದ್ದುವ ಮುಂಚೆ ಇನ್ನೊಮ್ಮೆ ಹೂವನ್ನೇ ನೋಡಿ.

ಹೆಕ್ಕೋದಿದ್ದರೆ ಬೆಳಗ್ಗೆ ಬೇಗ ಹೋಗಿ. ಬಿಸಿಲೇರಿದರೆ ಎಸಳು ಮುದುಡುತ್ತವೆ, ಆಮೇಲೆ ಎಣಿಸೋಕೆ ಆಗುವುದಿಲ್ಲ.