ಲಂಡನ್ ಟಿಕೆಟ್: ಕಂಪನಿಯಿಂದ ನೇರ ತೆಗೆಯುವುದಾ, ಏಜೆಂಟರ ಮೂಲಕವಾ?

ಪ್ರಶ್ನೆ: ಮಗಳು ಸೆಪ್ಟೆಂಬರ್‌ನಲ್ಲಿ ಓದಲು ಲಂಡನ್‌ಗೆ ಹೊರಟಿದ್ದಾಳೆ. ವಿಮಾನ ಕಂಪನಿಯ ವೆಬ್‌ಸೈಟಿಗಿಂತ ಇನ್ನೊಂದು ಟಿಕೆಟ್ ಸೈಟಿನಲ್ಲಿ ನಾಲ್ಕು ಸಾವಿರ ಕಮ್ಮಿ ತೋರಿಸುತ್ತಿದೆ. ಅಲ್ಲೇ ತೆಗೆಯಬಹುದಾ? ಇಲ್ಲ, ಪೇಟೆಯ ಟ್ರಾವೆಲ್ಸ್‌ನವರಿಗೆ ಹೇಳುವುದಾ? (ಬದಿಯಡ್ಕದ ಓದುಗರೊಬ್ಬರು)

ಉತ್ತರ: ನಾಲ್ಕು ಸಾವಿರಕ್ಕೋಸ್ಕರ ಆ ಸೈಟಿಗೆ ಹೋಗಬೇಡಿ. ಕಂಪನಿಯಿಂದಲೇ ತೆಗೆಯಿರಿ. ಅದಾಗದಿದ್ದರೆ ಪೇಟೆಯ ಏಜೆಂಟರು. ಮುಖ ಗೊತ್ತಿಲ್ಲದ ಸೈಟು ಕೊನೆಯ ಆಯ್ಕೆ.

ಕಾಸರಗೋಡಿನವರಿಗೆ ದುಬೈ ಟಿಕೆಟ್ ಹೊಸದಲ್ಲ. ಮಂಗಳೂರಿನ ಬಜಪೆ ನಿಲ್ದಾಣದಲ್ಲಿ ಹತ್ತಿದರೆ ದುಬೈಯಲ್ಲೇ ಇಳಿಯುವುದು. ಲಂಡನ್ ಹಾಗಲ್ಲ. ಮಂಗಳೂರಿನಿಂದಲೂ ಇಲ್ಲ, ಕಣ್ಣೂರಿನಿಂದಲೂ ನೇರ ವಿಮಾನ ಇಲ್ಲ. ಬೆಂಗಳೂರು, ಮುಂಬೈ ಅಥವಾ ಗಲ್ಫಿನ ಯಾವುದಾದರೂ ಊರಲ್ಲಿ ವಿಮಾನ ಬದಲಿಸಲೇಬೇಕು. ತಿಂಗಳುಗಟ್ಟಲೆ ಮೊದಲೇ ತೆಗೆದ ಟಿಕೆಟ್‌ನ ಸಮಯ ಹೊರಡುವಷ್ಟರಲ್ಲಿ ಬದಲಾಗುವುದು ಮಾಮೂಲು. ಮೊದಲ ವಿಮಾನ ಎರಡು ಗಂಟೆ ಹಿಂದೆ ಮುಂದೆ ಆದರೂ ಸಾಕು, ಎರಡನೆಯದು ಕೈತಪ್ಪುತ್ತದೆ.

ಆಗ ಟಿಕೆಟನ್ನು ತಿದ್ದುವವರು ಯಾರು? ಇಲ್ಲೇ ಇರುವುದು ವಿಷಯ. ಸೈಟಾಗಲಿ, ಟ್ರಾವೆಲ್ಸ್ ಆಗಲಿ, ಏಜೆನ್ಸಿ ಕೊಟ್ಟ ಟಿಕೆಟ್‌ನ ಹಿಡಿತ ಸಾಮಾನ್ಯವಾಗಿ ಏಜೆನ್ಸಿಯ ಕೈಯಲ್ಲೇ ಇರುತ್ತದೆ. ಕಂಪನಿಗೆ ಫೋನ್ ಮಾಡಿದರೆ "ಟಿಕೆಟ್ ತೆಗೆದವರನ್ನೇ ಕೇಳಿ" ಅನ್ನುತ್ತಾರೆ. ಅವರನ್ನು ಕೇಳಿದರೆ "ಕಂಪನಿಯಿಂದ ಒಪ್ಪಿಗೆ ಬರಬೇಕು" ಅನ್ನುತ್ತಾರೆ. ಹೊರಡುವ ದಿನ ನಿಲ್ದಾಣದಲ್ಲಿ ಎಡವಟ್ಟಾದರೆ ಕಂಪನಿಯವರೇ ನೋಡಿಕೊಳ್ಳುತ್ತಾರೆ, ಅದು ಬೇರೆ ಮಾತು. ಅದಕ್ಕೆ ಮೊದಲಿನ ಬದಲಾವಣೆಗೆಲ್ಲ ಈ ಓಡಾಟ ತಪ್ಪುವುದಿಲ್ಲ. ಸಮಯ ಬದಲಾದ ಇಮೇಲ್ ಕೂಡ ಎಷ್ಟೋ ಸಲ ಏಜೆನ್ಸಿಗೆ ಹೋಗುತ್ತದೆ, ನಿಮಗಲ್ಲ. ಅದಕ್ಕೇ, ಯಾರಿಂದ ಟಿಕೆಟ್ ತೆಗೆದರೂ ಕಂಪನಿಯ ವೆಬ್‌ಸೈಟಿನಲ್ಲಿ ಬುಕಿಂಗ್ ತೆರೆದು ನಿಮ್ಮ ಫೋನ್ ನಂಬರ್, ಇಮೇಲ್ ಸೇರಿಸಿ.

ರೀಫಂಡ್ ವಿಷಯದಲ್ಲಿ ಕಾನೂನು ನಿಮ್ಮ ಪರ ಇದೆ. ಏಜೆಂಟರ ಮೂಲಕ ತೆಗೆದ ಟಿಕೆಟ್‌ಗೂ ಹಣ ವಾಪಸ್ ಕೊಡಿಸುವ ಹೊಣೆ ವಿಮಾನ ಕಂಪನಿಯದೇ ಎಂದು ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ ಹೇಳುತ್ತದೆ. ರೀಫಂಡ್ ಇಲ್ಲದ ಆಫರ್ ಟಿಕೆಟ್ ರದ್ದು ಮಾಡಿದರೂ ತೆರಿಗೆ, ನಿಲ್ದಾಣದ ಶುಲ್ಕ ವಾಪಸ್ ಬರಬೇಕು. ಇದನ್ನು ಎಷ್ಟೋ ಮಂದಿ ಕೇಳುವುದೇ ಇಲ್ಲ, ಕೇಳಿ ತೆಗೆದುಕೊಳ್ಳಿ. ಕೊಡದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಆದರೆ ಹಣ ಏಜೆಂಟರ ಖಾತೆ ಸುತ್ತಿ ಬರುವುದಕ್ಕೆ ದಿನ ಹಿಡಿಯುತ್ತದೆ. ಲಾಕ್‌ಡೌನ್ ಕಾಲದ ಟಿಕೆಟ್‌ಗಳ ಬಗ್ಗೆ 2020ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಕಂಪನಿಯಿಂದ ಬಂದ ಹಣವನ್ನು ಏಜೆಂಟರು ಕೂಡಲೇ ಪ್ರಯಾಣಿಕರಿಗೆ ದಾಟಿಸಬೇಕು ಎಂದು ಬೇರೆಯಾಗಿ ಹೇಳಬೇಕಾಯಿತು.

ಇನ್ನು ಆ "ಕಮ್ಮಿ" ರೇಟು ಹೇಗೆ ಬಂತು ನೋಡಿ. ಗೂಗಲ್ ಫ್ಲೈಟ್ಸ್, ಸ್ಕೈಸ್ಕ್ಯಾನರ್ ರೇಟು ತೋರಿಸುತ್ತವೆ, ಮಾರುವವರು ಬೇರೆ. ಹಣ ಕಟ್ಟುವ ಕೊನೆಯ ಪುಟದವರೆಗೂ ಹೋಗಿ ನೋಡಿ. ಅಲ್ಲಿ ಕನ್ವೀನಿಯನ್ಸ್ ಫೀ ಸೇರುತ್ತದೆ. ಸೈಟು ವಿದೇಶದ್ದಾಗಿ ಹಣ ಪೌಂಡಿನಲ್ಲೋ ಡಾಲರಿನಲ್ಲೋ ಹೋದರೆ ಕಾರ್ಡಿನವರು ಮತ್ತೆ ಶೇ. 2ರಿಂದ 3.5 ಹಾಕುತ್ತಾರೆ. ಲಗೇಜು ಇಲ್ಲದ ಟಿಕೆಟೂ ಇರಬಹುದು. ಓದಲು ಹೋಗುವ ಹುಡುಗಿ ಬರೀ ಕೈಚೀಲ ಹಿಡಿದು ಹೋಗುವುದಿಲ್ಲ ಅಲ್ವಾ? ಏರ್ ಇಂಡಿಯಾ, ಕತಾರ್ ಏರ್‌ವೇಸ್‌ನಂಥ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲೇ ವಿದ್ಯಾರ್ಥಿಗಳಿಗೆ ರಿಯಾಯಿತಿ, ಜಾಸ್ತಿ ಲಗೇಜು ಕೊಡುತ್ತವೆ. ಅದನ್ನು ಲೆಕ್ಕಕ್ಕೆ ಹಿಡಿದರೆ ನಾಲ್ಕು ಸಾವಿರದ ವ್ಯತ್ಯಾಸ ಉಳಿಯುವುದೇ ಅನುಮಾನ.

ಎಲ್ಲಕ್ಕಿಂತ ನನಗೆ ಹೆದರಿಕೆ ಎರಡು ಬಿಡಿ ಟಿಕೆಟ್ ಜೋಡಿಸಿ ಮಾರುವುದರ ಬಗ್ಗೆ. ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ "ಸೆಲ್ಫ್ ಟ್ರಾನ್ಸ್‌ಫರ್" ಎಂದಿರುತ್ತದೆ. ಮಂಗಳೂರು–ದುಬೈ ಒಂದು ಕಂಪನಿ, ದುಬೈ–ಲಂಡನ್ ಇನ್ನೊಂದು. ಮೊದಲನೆಯದು ತಡವಾದರೆ ಎರಡನೆಯವರಿಗೆ ಸಂಬಂಧವೇ ಇಲ್ಲ, ಹೊಸ ಟಿಕೆಟ್ ನಿಮ್ಮದೇ ಖರ್ಚು. ಬ್ಯಾಗು ಲಂಡನ್‌ವರೆಗೆ ತಾನಾಗಿ ಹೋಗುವುದಿಲ್ಲ. ದುಬೈಯಲ್ಲಿ ಅದನ್ನು ತೆಗೆದುಕೊಳ್ಳಲು ಇಮಿಗ್ರೇಷನ್ ದಾಟಬೇಕು, ಅದಕ್ಕೆ ಯುಎಇ ವೀಸಾ ಬೇಕು. ಬೆಂಗಳೂರಾದರೆ ವೀಸಾ ತೊಂದರೆ ಇಲ್ಲ. ಆದರೆ ಅಲ್ಲಿ ಇಂಡಿಗೋದ ಒಳನಾಡಿನ ವಿಮಾನ ಟರ್ಮಿನಲ್ 1ಕ್ಕೆ ಬರುತ್ತದೆ, ವಿದೇಶಕ್ಕೆ ಹೊರಡುವುದು ಟರ್ಮಿನಲ್ 2ರಿಂದ. ಬ್ಯಾಗು ಎಳೆದುಕೊಂಡು ಹೋಗಿ ಮತ್ತೆ ಚೆಕ್‌ಇನ್ ಮಾಡಬೇಕು. ಮೊದಲ ಸಲ ಒಬ್ಬಳೇ ಹೊರಟವಳಿಗೆ ಇದು ಬೇಡ. ಮಂಗಳೂರಿನಿಂದ ಲಂಡನ್‌ವರೆಗೆ ಒಂದೇ ಟಿಕೆಟ್ ಇರಲಿ. ಅದು ತೀರಾ ದುಬಾರಿ ಎನಿಸಿದರೆ ಬೆಂಗಳೂರಿಗೆ ಹಿಂದಿನ ದಿನವೇ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ, ಅಲ್ಲಿಂದ ಲಂಡನ್‌ಗೆ ನೇರ ವಿಮಾನ ಹಿಡಿಯಿರಿ.

ಹೆಸರಿನ ವಿಷಯದಲ್ಲೂ ಜಾಗ್ರತೆ. ನಮ್ಮ ಕಡೆಯ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ ಇರುವುದುಂಟು. ಸೈಟಿನ ಫಾರ್ಮು ಮಾತ್ರ ಏನಾದರೂ ತುಂಬಿಸದೆ ಬಿಡುವುದಿಲ್ಲ. ಏನು ತುಂಬಿಸಬೇಕು ಎಂಬುದು ಒಂದೊಂದು ಕಂಪನಿಗೆ ಒಂದೊಂದು ರೀತಿ, ಮೊದಲೇ ಕಂಪನಿಯನ್ನು ಕೇಳಿಕೊಳ್ಳಿ. ಕಂಪನಿಯಿಂದ ನೇರ ತೆಗೆದಿದ್ದರೆ ಸ್ಪೆಲ್ಲಿಂಗ್ ತಪ್ಪನ್ನು 24 ಗಂಟೆಯೊಳಗೆ ಹೇಳಿದರೆ ದುಡ್ಡಿಲ್ಲದೆ ತಿದ್ದಿಕೊಡಬೇಕು ಎಂದು ನಿಯಮವಿದೆ.

ಪೇಟೆಯ ಟ್ರಾವೆಲ್ಸ್‌ನವರನ್ನು ನಾನು ಬೇರೆಯಾಗಿ ನೋಡುತ್ತೇನೆ. ಸಮಯ ಬದಲಾದರೆ ಅವರ ಮೇಜಿನ ಮುಂದೆ ಹೋಗಿ ಕೂರಬಹುದು. ಕಾರ್ಡು, ಓಟಿಪಿ ಅಭ್ಯಾಸ ಇಲ್ಲದವರಿಗೆ ಅವರ ಸರ್ವಿಸ್ ಚಾರ್ಜು ಕೊಟ್ಟರೂ ನಷ್ಟವಿಲ್ಲ. ರದ್ದಾದರೆ ಕಂಪನಿ ಎಷ್ಟು ಹಿಡಿಯುತ್ತದೆ, ತಾವೆಷ್ಟು ಹಿಡಿಯುತ್ತಾರೆ ಎಂದು ಬರೆಸಿಕೊಳ್ಳಿ. ಅವರು ಕೊಡುವ ಕಾಗದದಲ್ಲಿ ಆರು ಅಕ್ಷರದ ಪಿಎನ್‌ಆರ್ ಮಾತ್ರ ಇದ್ದರೆ ಸಾಲದು. ಅದು ಸೀಟು ಹಿಡಿದಿಟ್ಟದ್ದಕ್ಕೆ ಗುರುತು, ಟಿಕೆಟ್ ಕೊಟ್ಟದ್ದಕ್ಕಲ್ಲ. 13 ಅಂಕೆಯ ಇ-ಟಿಕೆಟ್ ನಂಬರ್ ಬೇಕು. ಅದರ ಮೊದಲ ಮೂರು ಅಂಕೆ ಕಂಪನಿಯದ್ದು: ಏರ್ ಇಂಡಿಯಾ 098, ಕತಾರ್ 157, ಎಮಿರೇಟ್ಸ್ 176. ಅಲ್ಲೇ ಕೂತು ಕಂಪನಿಯ ವೆಬ್‌ಸೈಟಿನಲ್ಲಿ ಪಿಎನ್‌ಆರ್ ಹಾಕಿ, ಮಗಳ ಹೆಸರು, ತಾರೀಕು, ಲಗೇಜು ಮೂರನ್ನೂ ನೋಡಿ. ಆಮೇಲೆ ಬಾಕಿ ಹಣ ಕೊಡಿ.